ಅತ್ತೆಯ ತಡವಾದ ಭೋಂ

ನಮ್ಮತ್ತೆಗೆ ಟ್ರೊಂಬೋನ್ ಊದಲು ಬರುವುದಿಲ್ಲ ಎನ್ನುವವರು ಈಗ ಊರಿನಲ್ಲಿ ಯಾರೂ ಇಲ್ಲ. ಬಹಳ ಕಾಲ ಒಬ್ಬನಿದ್ದ. ಅವನು ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ಅಣ್ಣ, ಅಂದರೆ ನನ್ನಪ್ಪ. ಇಬ್ಬರೂ ಒಂದೇ ಸೂರಿನ ಕೆಳಗೆ ಇದ್ದವರು. ಕೆಳಗಿನ ಮನೆಯಲ್ಲಿ ನಾವು, ಮಾಳಿಗೆಯ ಕೋಣೆಯಲ್ಲಿ ಅತ್ತೆ, ಊಟಕ್ಕೆ ಎಲ್ಲರಿಗೂ ಒಂದೇ ಮೇಜು. ಸೋರುವ ನಲ್ಲಿ, ಮಂಡಿನೋವು, ಪಕ್ಕದ ಮನೆಯ ಕಳ್ಳ ಬೆಕ್ಕು, ಏನು ಬೇಕಾದರೂ ಮಾತಾಡಿಕೊಳ್ಳುತ್ತಿದ್ದರು. ರೇಡಿಯೋದಲ್ಲಿ ಬ್ಯಾಂಡಿನ ಸದ್ದು ಶುರುವಾಯಿತೋ, ಇಬ್ಬರ ಬಾಯಿಗೂ ಬೀಗ ಬೀಳುತ್ತಿತ್ತು. ಅಮ್ಮ ಎದ್ದು ಹೋಗಿ ರೇಡಿಯೋ ಆರಿಸುತ್ತಿದ್ದಳು.

ಇಬ್ಬರೂ ದುಡಿದದ್ದು ನದಿ ಪಕ್ಕದ ದೊಡ್ಡ ಲಾಂಡ್ರಿಯಲ್ಲಿ. ಆಸ್ಪತ್ರೆಗಳ ಹಾಸುಬಟ್ಟೆ, ಹೋಟೆಲುಗಳ ಟವೆಲು ಎಲ್ಲ ಬರುವುದು ಅಲ್ಲಿಗೇ. ಅಪ್ಪ ಬಾಯ್ಲರ್ ನೋಡಿಕೊಳ್ಳುವವನು, ಅತ್ತೆ ಇಸ್ತ್ರಿ ಯಂತ್ರದವಳು. ಹಾಸಿನ ಮೇಲೆ ಬಟ್ಟೆ ಹರಡಿ ಕಾಲಿನಿಂದ ಪೆಡಲ್ ಒತ್ತಿದರೆ ಕಾದ ಮುಚ್ಚಳ 'ಧಪ್' ಎಂದು ಬೀಳುತ್ತದೆ. ಆಮೇಲೆ 'ಸ್ಸ್' ಎಂದು ಹಬೆ ಬಿಡುತ್ತ ಮೇಲೇಳುತ್ತದೆ. ಅಲ್ಲಿ ಕಲಿಯಬೇಕಾದ ಪಾಠ ಒಂದೇ: ಧಪ್ ಎನ್ನುವಾಗ ಕೈ ಹೊರಗೆ, ಸ್ಸ್ ಎನ್ನುವಾಗ ಕೈ ಒಳಗೆ. ಮರೆತವರ ಕೈಗೂ ಬಟ್ಟೆಯ ಜೊತೆ ಇಸ್ತ್ರಿಯಾಗುತ್ತದೆ. ಅತ್ತೆ ಇನ್ನೂ ಹುಡುಗಿಯಾಗಿದ್ದಾಗಲೇ ಆ ಯಂತ್ರದ ಮುಂದೆ ನಿಂತವಳು. ಪಾಠ ಅವಳ ಮೈಗೆ ಎಷ್ಟು ಹತ್ತಿಬಿಟ್ಟಿತ್ತೆಂದರೆ, ಯಾರಾದರೂ ಬಾಗಿಲು ಬಡಿದರೂ ಒಂದು ಕ್ಷಣ ಬಿಟ್ಟೇ ಏಳುತ್ತಿದ್ದಳು. ನಗೆಮಾತಿಗೆ ಎಲ್ಲರೂ ನಕ್ಕು ಮುಗಿಸಿದ ಮೇಲೆ ನಗುತ್ತಿದ್ದಳು. ಮದುವೆ ಯಾಕೆ ಆಗಲಿಲ್ಲ ಅತ್ತೆ ಎಂದು ಒಮ್ಮೆ ಕೇಳಿದ್ದಕ್ಕೆ, "ನಾನು ಹೂಂ ಅನ್ನೋ ಅಷ್ಟರಲ್ಲಿ ಅವರು ಎದ್ದು ಹೋಗಿದ್ರು ಕಣೇ" ಎಂದಿದ್ದಳು.

ಆಗ ಲಾಂಡ್ರಿಗೆ ತನ್ನದೇ ಬ್ಯಾಂಡು ಇತ್ತು. ಕೆಲಸಗಾರರೇ ಊದುವವರು. ಹಿತ್ತಾಳೆ ಗುಂಡಿಗಳ ನೀಲಿ ಕೋಟು ತೊಟ್ಟು ಭಾನುವಾರ ಮಧ್ಯಾಹ್ನ ಉದ್ಯಾನದ ಮಂಟಪದಲ್ಲಿ ನುಡಿಸುತ್ತಿದ್ದರು. ಅಪ್ಪನೇ ಬ್ಯಾಂಡ್ ಮಾಸ್ಟರ್. ಅವನದು ಕಾರ್ನೆಟ್, ಅಂದರೆ ಟ್ರಂಪೆಟ್ಟಿನ ಕುಳ್ಳ ತಮ್ಮ. ಅವನ ತಾಳ ಗೋಡೆ ಗಡಿಯಾರದ ತಾಳ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ತಂಗಿಯ ಕೈಗೆ ಹಿಂದೆ ಮುಂದೆ ಜಾರುವ ಉದ್ದ ಕೊಳವೆಯ ಟ್ರೊಂಬೋನ್ ಕೊಟ್ಟು ಊದಲು ಕಲಿಸಿದವನೂ ಅವನೇ. ಅವಳ ಉಸಿರು ದೊಡ್ಡದು, ಸ್ವರ ಗುಂಡಗೆ. ಆದರೆ ಎಲ್ಲರೂ ಧಪ್ ಎನ್ನುವ ಕಡೆ ಊದಿದರೆ ಅವಳು ಸ್ಸ್ ಎನ್ನುವ ಕಡೆ ಊದುತ್ತಿದ್ದಳು. ಅಪ್ಪ ಬೈದ, ಬೇಡಿಕೊಂಡ, ಬೆನ್ನ ಮೇಲೆ ತಟ್ಟಿ ತಟ್ಟಿ ತಾಳ ಹೇಳಿಕೊಟ್ಟ. ಜಪ್ಪಯ್ಯ ಅಂದರೂ ಅವಳು ತಾಳದ ಪೆಟ್ಟಿಗೆ ಸರಿಯಾಗಿ ಬರಲಿಲ್ಲ.

ಲಾಂಡ್ರಿಯ ಹೊಸ ಕಟ್ಟಡ ಶುರುವಾದ ಸಂಭ್ರಮಕ್ಕೆ ಅದೇ ಮಂಟಪದಲ್ಲಿ ದೊಡ್ಡ ಕಾರ್ಯಕ್ರಮ. ಮಾಲೀಕರು, ಅವರ ಮನೆಯವರು, ಊರಿನ ಗಣ್ಯರೆಲ್ಲ ಮುಂದಿನ ಸಾಲಿನಲ್ಲಿ. ಬ್ಯಾಂಡು ಬಲು ಗಂಭೀರವಾಗಿ ನುಡಿಸಿ, ಅಪ್ಪನ ಕೈಸನ್ನೆಗೆ ಕತ್ತರಿಸಿದ ಹಾಗೆ ನಿಂತಿತು. ಸುತ್ತ ಮೌನ. ಆ ಮೌನದೊಳಗೆ ಅತ್ತೆಯ ಟ್ರೊಂಬೋನ್ ಒಂದೇ ಒಂದು 'ಭೋಂ' ಅಂದಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕ ರಭಸಕ್ಕೆ ಮಾಲೀಕರ ಹೆಂಡತಿ ಕುರ್ಚಿಯಿಂದ ಜಾರಿದರಂತೆ. ಅಪ್ಪನ ಮುಖ ಬಾಯ್ಲರಿನ ಬಾಗಿಲಿನಷ್ಟು ಕೆಂಪಗಾಯಿತು. ಎಲ್ಲರೂ ನೋಡುತ್ತಿದ್ದ ಹಾಗೆಯೇ ನಡೆದು ಬಂದು ತಂಗಿಯ ಕೈಯಿಂದ ಟ್ರೊಂಬೋನ್ ಕಿತ್ತುಕೊಂಡ. "ನಿನ್ನಿಂದ ಆಗಲ್ಲ, ಬಿಡು" ಎಂದ.

ಅತ್ತೆ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಟ್ರೊಂಬೋನ್ ಅವಳ ಕೋಣೆಯ ಬೀರುವಿನ ಮೇಲೇರಿತು. ಅಪ್ಪನ ನೀಲಿ ಕೋಟನ್ನು ತಿಂಗಳಿಗೊಮ್ಮೆ ಲಾಂಡ್ರಿಗೆ ಒಯ್ದು ತನ್ನ ಕೈಯಾರೆ ಇಸ್ತ್ರಿ ಮಾಡಿ ತರುವುದನ್ನು ಮಾತ್ರ ಅವಳು ಬಿಡಲಿಲ್ಲ. ಬ್ಯಾಂಡು ಮುಚ್ಚಿಹೋಯಿತು, ಅಪ್ಪ ನಿವೃತ್ತನಾದ, ಆದರೂ ಯಾರೂ ತೊಡದ ಆ ಕೋಟು ಗರಿಗರಿಯಾಗಿ ಬಾಗಿಲ ಹಿಂದೆ ನೇತಾಡುತ್ತಿತ್ತು. ಇಂಥ ಅಣ್ಣ ತಂಗಿಯನ್ನು ಕಂಡು ತಲೆ ಚಚ್ಚಿಕೊಳ್ಳಬೇಕೋ ಮುದ್ದು ಮಾಡಬೇಕೋ ನನಗಂತೂ ಇವತ್ತಿಗೂ ತಿಳಿದಿಲ್ಲ.

ಈಗ ನನ್ನ ವಿಚಾರ. ನಾನು ಅದೇ ಲಾಂಡ್ರಿಯ ವ್ಯಾನ್ ಓಡಿಸುವವಳು. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಆ ಕೋಪವನ್ನೆಲ್ಲ ಗಿಟಾರಿಗೆ ತುಂಬಿ ಒಂದು ಪಂಕ್ ಬ್ಯಾಂಡು, ಅಂದರೆ ಕಿರುಚಿ ಹಾಡುವ ಸಿಟ್ಟಿನ ಬ್ಯಾಂಡು, ಕಟ್ಟಿದ್ದೆ. ಡ್ರಮ್ಸಿಗೆ ಬೇಕರಿಯವನು, ಹಿಟ್ಟು ನಾದಿ ನಾದಿ ಉಕ್ಕಾದ ತೋಳು ಅವನದು. ಬೇಸ್ ಗಿಟಾರಿಗೆ ಲಾಂಡ್ರಿಯ ಕೌಂಟರಿನಲ್ಲಿ ಕೂರುವ ಹುಡುಗಿ. ಅವಳನ್ನು ಎಲ್ಲರೂ ಮೂಕಿ ಎನ್ನುತ್ತಾರೆ. ಮಾತು ಬರುತ್ತದೆ, ಖರ್ಚು ಮಾಡುವುದಿಲ್ಲ ಅಷ್ಟೇ. ನಮ್ಮ ಹಾಡುಗಳು ಲೋಕವನ್ನು ಹಿಗ್ಗಾಮುಗ್ಗಾ ಬೈಯುತ್ತಿದ್ದವು. ಬೈಸಿಕೊಳ್ಳಲು ಲೋಕ ಬರುತ್ತಿರಲಿಲ್ಲ. ಒಂದು ಸಲವಂತೂ ನಮ್ಮ ಮೂವರ ಅಮ್ಮಂದಿರು ಮತ್ತು ಬಾಗಿಲು ಕಾಯುವವನು ಬಿಟ್ಟರೆ ಸಭಾಂಗಣದಲ್ಲಿ ನರಪಿಳ್ಳೆ ಇರಲಿಲ್ಲ, ಬಾಗಿಲು ಕಾಯುವವನೂ ಕಿವಿಗೆ ಹತ್ತಿ ಇಟ್ಟುಕೊಂಡಿದ್ದ.

ಅಭ್ಯಾಸ ನಡೆಯುತ್ತಿದ್ದದ್ದು ರಜೆಯ ದಿನ, ಲಾಂಡ್ರಿಯ ಒಣಗಿಸುವ ಕೋಣೆಯಲ್ಲಿ. ಒಂದು ರಜೆಯಲ್ಲಿ ಆಸ್ಪತ್ರೆಗೆ ತುರ್ತಾಗಿ ಬಟ್ಟೆ ಬೇಕಾಗಿ ಅತ್ತೆಯೊಬ್ಬಳೇ ಪಕ್ಕದ ಕೋಣೆಯಲ್ಲಿ ಯಂತ್ರ ಓಡಿಸುತ್ತಿದ್ದಳು. ಧಪ್, ಸ್ಸ್. ಧಪ್, ಸ್ಸ್. ನನಗೆ ತಲೆ ಚಿಟ್ಟು ಹಿಡಿಯಿತು. ನಿಲ್ಲಿಸು ಎಂದು ಕೂಗಿದರೆ ಅವಳಿಗೆ ಕೇಳಿಸದು. ಸಿಟ್ಟು ಬಂದು, ಆ ಸ್ಸ್ ಅನ್ನು ಮುಚ್ಚಿಹಾಕಿಯೇ ತೀರುತ್ತೇನೆಂದು ಸರಿಯಾಗಿ ಅದರ ಮೇಲೆಯೇ ಗಿಟಾರ್ ಬಾರಿಸತೊಡಗಿದೆ. ಧಪ್, ಝಕ್. ಧಪ್, ಝಕ್. ಬೇಕರಿಯವನ ಕಾಲು ತಾನಾಗಿಯೇ ಕುಣಿಯಿತು. ಅಷ್ಟು ಹೊತ್ತೂ ಗಂಟುಮುಖ ಹಾಕಿಕೊಂಡಿದ್ದ ನಾನು ನಗುತ್ತಿದ್ದೆ.

ಮೂಕಿ ಬಾಯಿಬಿಟ್ಟಳು. "ಇದು ಸ್ಕಾ ಅನ್ನೋ ಕುಣಿತದ ಸಂಗೀತ. ಪೆಟ್ಟಿನ ಮೇಲೆ ಬಾರಿಸಲ್ಲ, ಪೆಟ್ಟು ಬಿದ್ಮೇಲೆ ಆ ಸಂದಿನಲ್ಲಿ ಬಾರಿಸೋದು. ನಮ್ಮ ಪಂಕ್ ಜೊತೆ ಸೇರಿಸಿದ್ರೆ ಸ್ಕಾ-ಪಂಕ್. ಆದ್ರೆ ಅದಕ್ಕೆ ಊದೋರು ಬೇಕು."

ಅತ್ತೆ ಯಾವಾಗಲೋ ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದು ನಿಂತಿದ್ದಳು. "ಏನೇ ಅದು? ಎಲ್ಲರೂ ನನ್ನ ಹಾಗೆ ತಪ್ಪಾಗಿ ಬಾರಿಸ್ತಿದೀರಲ್ಲ?"

"ತಪ್ಪಲ್ಲ ಅತ್ತೆ. ಇದು ಇರೋದೇ ಹೀಗೆ."

"ಬೇಕಂತಲೇ ಹೀಗೆ ಬಾರಿಸ್ತಾರಾ?"

"ಬೇಕಂತಲೇ."

ಅವಳು ಯಂತ್ರದ ಕಡೆಗೆ ಹಿಂತಿರುಗಿದಳು. ಮುಂದಿನ ರಜೆಗೆ ಬಂದಾಗ ಬಗಲಲ್ಲಿ ಹಾಸುಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಗಂಟು ಇತ್ತು. ಟ್ರೊಂಬೋನಿಗೆ ಎಣ್ಣೆ ಹಾಕಿ ಒರೆಸಿ ಹೊಳೆಯಿಸಿದ್ದಳು. ಬೇಕರಿಯವನು ತಾಳ ಹಿಡಿದ, ನಾನು ಬಾರಿಸಿದೆ, ಅತ್ತೆ ಕಣ್ಣು ಮುಚ್ಚಿ ಊದಿದಳು. ಒಂದೇ ಒಂದು ಸ್ವರವೂ ಜಾಗ ತಪ್ಪಲಿಲ್ಲ. ನಾವು ಹುಡುಕಿಕೊಂಡು ಹೋಗುತ್ತಿದ್ದ ಸಂದಿನಲ್ಲಿ ಅವಳು ಹುಟ್ಟಿದಂದಿನಿಂದ ಮನೆ ಮಾಡಿಕೊಂಡಿದ್ದಳು.

ಆಮೇಲೆ ಇನ್ನಿಬ್ಬರು ಸೇರಿದರು. ಕಟಿಂಗ್ ಅಂಗಡಿಯ ಕತ್ತರಿಯಣ್ಣ ಟ್ರಂಪೆಟ್ಟಿಗೆ, ಆಸ್ಪತ್ರೆಯ ನರ್ಸಮ್ಮ ಸ್ಯಾಕ್ಸೊಫೋನಿಗೆ. ಬ್ಯಾಂಡಿಗೆ ಹೆಸರು ಸಿಕ್ಕಿದ್ದು ಲಾಂಡ್ರಿಯ ಮೂಲೆಯಲ್ಲಿದ್ದ ಡಬ್ಬದಿಂದ. ಜೋಡಿ ಕಳೆದುಕೊಂಡ ಕಾಲ್ಚೀಲಗಳನ್ನೆಲ್ಲ ಅದರಲ್ಲಿ ಹಾಕಿಡುತ್ತಾರೆ. ನಮ್ಮ ಹೆಸರು 'ಒಂಟಿ ಕಾಲ್ಚೀಲ'. ವೇದಿಕೆ ಹತ್ತುವವರು ಎರಡು ಕಾಲಿಗೂ ಬೇರೆ ಬೇರೆ ಕಾಲ್ಚೀಲ ಹಾಕಲೇಬೇಕು ಎಂಬ ನಿಯಮವನ್ನೂ ಮಾಡಿಕೊಂಡೆವು.

ಲೋಕವನ್ನು ಬೈಯುವ ಹಾಡುಗಳನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿದೆ. ಹೊಸ ಹಾಡುಗಳೆಲ್ಲ ಲಾಂಡ್ರಿಯವೇ. ಕೆಲಸದ ನಡುವೆ ಅತ್ತೆ ಹೇಳುತ್ತಿದ್ದ ಸುದ್ದಿಗೆ ನಾನು ಪದ ಕಟ್ಟುತ್ತಿದ್ದೆ. ಹೆಸರು ತಂದುಕೊಟ್ಟದ್ದು ಇದು:

ಜೇಬಲ್ಲಿ ಸಿಕ್ತು, ಜೇಬಲ್ಲಿ ಸಿಕ್ತು,
ಮ್ಯಾನೇಜರ್ ಸಾಹೇಬ್ರ ಜೇಬಲ್ಲಿ ಸಿಕ್ತು,
ಅರ್ಧ ಬಿಸ್ಕತ್ತು, ಮುರಿದ ಬಾಚಣಿಗೆ,
ಇನ್ಯಾರದೋ ಹಲ್ಲಿನ ಸೆಟ್ಟು!

ಪ್ರತಿ ಸಾಲಿನ ಕೊನೆಗೆ ಕತ್ತರಿಯಣ್ಣನ ಟ್ರಂಪೆಟ್ 'ಪೆಪೆಂ?' ಎಂದು ಕೇಳುತ್ತದೆ, ಅತ್ತೆಯ ಟ್ರೊಂಬೋನ್ 'ಭೋಂ' ಎಂದು ಉತ್ತರ ಕೊಡುತ್ತದೆ. ಹಾಡಿನ ಮುಕ್ತಾಯ ಅತ್ತೆಯದೇ ಯೋಚನೆ. "ಕೊನೇಲಿ ನೀವೆಲ್ಲ ಟಕ್ ಅಂತ ನಿಲ್ಲಿಸಿ. ನಾನು ನಿಲ್ಲಿಸಲ್ಲ" ಎಂದಳು. ಹಾಗೆಯೇ ಮಾಡಿದೆವು. ಎಲ್ಲರೂ ನಿಂತ ಮೇಲೆ ಅತ್ತೆ ಕನ್ನಡಕ ಒರೆಸಿಕೊಳ್ಳುತ್ತಾಳೆ, ಕಾಲ್ಚೀಲ ಮೇಲೆಳೆದುಕೊಳ್ಳುತ್ತಾಳೆ, ಜನ ಉಸಿರು ಬಿಗಿಹಿಡಿದು ಕಾಯುತ್ತಾರೆ, ಆಗ ಒಂದೇ ಒಂದು ಭೋಂ. ಯಾವ ಭೋಂ ಅವಳನ್ನು ಬ್ಯಾಂಡಿನಿಂದ ಹೊರಗೆ ಹಾಕಿಸಿತ್ತೋ ಅದನ್ನು ಕೇಳಲು ಈಗ ಜನ ಮುಗಿಬೀಳುತ್ತಿದ್ದರು.

ಲಾಂಡ್ರಿಯ ಕ್ಯಾಂಟೀನಿನಲ್ಲಿ ಶುರುವಾದದ್ದು ಆಸ್ಪತ್ರೆಯ ಅಂಗಳಕ್ಕೆ ಹೋಯಿತು. ಅಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿದ್ದವನೊಬ್ಬ ಕುಣಿಯಲು ಹೋಗಿ ನರ್ಸಮ್ಮನ ಕೈಲಿ ಬೈಸಿಕೊಂಡ. ಅಲ್ಲಿಂದ ಕಾಲೇಜುಗಳು, ಅಲ್ಲಿಂದ ರೇಡಿಯೋ, ಆಮೇಲೆ ಪಕ್ಕದ ಊರುಗಳು. ಲಾಂಡ್ರಿಯ ವ್ಯಾನಿನಲ್ಲಿ ಬಟ್ಟೆ ಮೂಟೆಗಳ ಮೇಲೆ ಕೂತು ಹೋಗುತ್ತಿದ್ದೆವು. ಜನ ವೇದಿಕೆಗೆ ಒಂಟಿ ಕಾಲ್ಚೀಲ ಎಸೆಯುವುದನ್ನು ರೂಢಿ ಮಾಡಿಕೊಂಡರು. ಅದರಲ್ಲಿ ಒಗೆದದ್ದು ಬಹಳ ಕಡಿಮೆ. ಅತ್ತೆ ಮೂಗು ಮುಚ್ಚಿಕೊಂಡು ಎಲ್ಲವನ್ನೂ ಆರಿಸಿ ತಂದು ಒಗೆಸಿ ಡಬ್ಬಕ್ಕೆ ಹಾಕುತ್ತಿದ್ದಳು.

ಪ್ರತಿ ಸಲ ವೇದಿಕೆ ಇಳಿದ ಕೂಡಲೇ ನನ್ನನ್ನು ಒಂದೇ ಮಾತು ಕೇಳುತ್ತಿದ್ದಳು. "ಅಣ್ಣ ಬಂದಿದ್ನಾ?"

"ಇಲ್ಲ ಅತ್ತೆ."

"ಮಂಡಿ ನೋವಿರ್ಬೇಕು."

ಮಂಡಿಯೂ ಇಲ್ಲ ಮಣ್ಣೂ ಇಲ್ಲ. ರೇಡಿಯೋದಲ್ಲಿ ನಮ್ಮ ಹಾಡು ಬಂದರೆ ಅಪ್ಪ, "ಇದೇನು ಸಂಗೀತಾನಾ? ಕಾದ ನೆಲದ ಮೇಲೆ ಬರಿಗಾಲಲ್ಲಿ ಓಡಾಡಿದ ಹಾಗಿದೆ" ಎಂದು ಮೂಗು ಮುರಿಯುತ್ತಿದ್ದ. ಒಂದು ದಿನ ನನಗೆ ತಡೆಯದೆ, ಊರಿಗೆ ಊರೇ ಚಪ್ಪಾಳೆ ತಟ್ಟುವಾಗ ಅವನೊಬ್ಬನ ಗೊಡವೆ ಯಾಕೆ ಎಂದು ಅತ್ತೆಯ ಮೇಲೆ ಹರಿಹಾಯ್ದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ನನಗೆ ಊದೋದು ಕಲಿಸಿದೋನು ಅವನು ಕಣೇ. ಒಂದೇ ಒಂದ್ಸಲ ಎದುರಿಗೆ ನಿಂತು ಕೊನೇವರೆಗೂ ಕೇಳಬೇಕು. ಆಮೇಲೆ ಚೆನ್ನಾಗಿಲ್ಲ ಅಂದ್ರೂ ಪರವಾಗಿಲ್ಲ" ಎಂದಳು.

ಅಮ್ಮ ಮಾತ್ರ ಒಂದು ಗುಟ್ಟು ಹೇಳಿದಳು. "ಮಾಳಿಗೆ ಮೇಲೆ ಅವಳು ಊದ್ತಾ ಇರೋ ಹೊತ್ತಲ್ಲಿ ನಿಮ್ಮಪ್ಪ ಪೇಪರ್ ಹಾಳೆ ತಿರುವೋದೇ ಇಲ್ಲ, ನೋಡಿದೀಯಾ?"

ಹೀಗಿರುವಾಗ ಉದ್ಯಾನದ ಮಂಟಪದಲ್ಲಿ ನುಡಿಸಲು ನಮಗೆ ಕರೆ ಬಂತು. ಅದೇ ಮಂಟಪ, ಅದೇ ಭಾನುವಾರ ಮಧ್ಯಾಹ್ನ. ಸುದ್ದಿ ಕೇಳಿ ಅತ್ತೆ ಆ ರಾತ್ರಿ ಊಟದ ಮೇಜಿನಲ್ಲಿ ತಲೆ ಎತ್ತದೆ, "ಭಾನುವಾರ ಮಂಟಪದಲ್ಲಿ ನಮ್ಮದಿದೆ" ಎಂದಳು. ಅಪ್ಪ ಉಪ್ಪು ಕೇಳಿದ. ಮಾತು ಅಲ್ಲಿಗೇ ಮುಗಿಯಿತು.

ಭಾನುವಾರ ಹುಲ್ಲು ಕಾಣದಷ್ಟು ಜನ. ನಾವು ಮಂಟಪದ ಹಿಂದೆ ಕಾಲ್ಚೀಲ ಬದಲಾಯಿಸುತ್ತಿದ್ದೆವು. ಕತ್ತರಿಯಣ್ಣ ಶರಬತ್ತಿನ ಲೋಟ ಎತ್ತಿ ಬಾಯಿಗಿಟ್ಟ. ಲೋಟದ ಅಂಚಿನಲ್ಲಿ ಕಣಜದ ಹುಳ ಕೂತಿತ್ತು. ನೋಡನೋಡುತ್ತಿದ್ದಂತೆ ಅವನ ಮೇಲ್ತುಟಿ ಬೇಕರಿಯ ಬನ್ನಿನಷ್ಟು ದಪ್ಪವಾಯಿತು. ನರ್ಸಮ್ಮ ಮಂಜುಗಡ್ಡೆ ಒತ್ತಿ, ಎರಡೂ ಕಣ್ಣು ಪರೀಕ್ಷಿಸಿ, "ಸಾಯಲ್ಲ. ಆದ್ರೆ ಇವತ್ತು ಊದಲ್ಲ" ಎಂದಳು.

ಟ್ರಂಪೆಟ್ ಕೇಳದಿದ್ದರೆ ಟ್ರೊಂಬೋನ್ ಉತ್ತರ ಕೊಡುವುದು ಯಾರಿಗೆ? "ಜೇಬಿನ ಹಾಡು ಬಿಟ್ಟುಬಿಡೋಣ" ಎಂದಳು ಅತ್ತೆ. ಅವಳ ಮುಖ ಒಗೆಯುವ ಬಟ್ಟೆಯಷ್ಟು ಮುದುಡಿತ್ತು. ಊರಿನಲ್ಲಿ ಆ ಜಾಗ ತುಂಬಬಲ್ಲವನು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಆ ಹಾಡು ಕೊನೆಗೆ ಇರಲಿ, ಬೇರೆ ಹಾಡುಗಳನ್ನು ಮೂಕಿ ಹಾಡುತ್ತಿರಲಿ, ನಾನು ಈಗ ಬಂದೆ ಎಂದು ಹೇಳಿ ವ್ಯಾನ್ ಹತ್ತಿದೆ. ಮೂಕಿ ನನ್ನನ್ನು ಕೊಲ್ಲುವ ಹಾಗೆ ನೋಡಿದಳು.

ಮನೆಯಲ್ಲಿ ಉದ್ಯಾನದ ಕಡೆಯ ಕಿಟಕಿ ತೆರೆದಿತ್ತು. ಅಪ್ಪ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ.

"ಅಪ್ಪ, ಕಾರ್ನೆಟ್ ತಗೊಂಡು ಬಾ. ಕತ್ತರಿಯಣ್ಣನಿಗೆ ಹುಳ ಕಚ್ಚಿದೆ."

"ಅವಳು ಕಳಿಸಿದ್ಲಾ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. "ಇಲ್ಲ. ಗೊತ್ತಾದ್ರೆ ನನ್ನ ಕಿವಿ ಹಿಂಡ್ತಾಳೆ."

"ನಿಮ್ಮ ಕುಣಿತ ನನಗೆ ಬರಲ್ಲ."

ನನ್ನ ಕೋಪ ನೆತ್ತಿಗೇರಿತು. "ಬರದಿದ್ರೆ ಬಿಡು! ಪ್ರತಿ ಸಲ ವೇದಿಕೆ ಇಳಿದು ಅಣ್ಣ ಬಂದಿದ್ನಾ ಅಂತ ಕೇಳ್ತಾಳೆ. ಇಲ್ಲ ಇಲ್ಲ ಅಂತ ಹೇಳಿ ನನಗೆ ಸಾಕಾಗಿದೆ. ಇವತ್ತು ನೀನೇ ಬಂದು ಹೇಳು, ನಾನು ಬಂದಿಲ್ಲ ಅಂತ!"

ಅಪ್ಪ ಕಿಟಕಿಯ ಆಚೆ ನೋಡುತ್ತ ಕೂತ. ಅಡುಗೆಮನೆಯಿಂದ ಅಮ್ಮನ ದನಿ ಬಂತು. "ನಿಮ್ಮ ಕೋಟು ಬಾಗಿಲ ಹಿಂದಿದೆ. ಮೊನ್ನೆ ತಾನೇ ಇಸ್ತ್ರಿಯಾಗಿ ಬಂದಿದೆ."

ಅವನು ಎದ್ದು ಕೋಟು ತೊಟ್ಟ. ಗುಂಡಿಗಳನ್ನು ಕತ್ತಿನವರೆಗೂ ಹಾಕಿದ. ವ್ಯಾನಿನಲ್ಲಿ ಕಾರ್ನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ದಾರಿಯವರೆಗೂ ಅದರ ಗುಂಡಿಗಳನ್ನು ಒತ್ತಿ ಒತ್ತಿ ನೋಡಿದ. ಆಮೇಲೆ ಕೇಳಿದ. "ಕೊನೇಲಿ ಎಲ್ಲರೂ ನಿಲ್ಲಿಸಿದ ಮೇಲೆ ಅವಳು ಎಷ್ಟು ಹೊತ್ತು ಬಿಡ್ತಾಳೆ?"

"ಅವಳಿಗೆ ಎಷ್ಟು ಬೇಕೋ ಅಷ್ಟು."

"ಹೂಂ" ಎಂದ ಅಪ್ಪ.

ಮಂಟಪದ ಮೆಟ್ಟಿಲು ಹತ್ತಿ ಬಂದ ನೀಲಿ ಕೋಟು ಕಂಡು ಅತ್ತೆಯ ಕೈ ಟ್ರೊಂಬೋನಿನ ಮೇಲೆ ಹಾಗೇ ನಿಂತಿತು. ಊರಿನ ಬ್ಯಾಂಡ್ ಮಾಸ್ಟರು, "ನಾನು ಎಲ್ಲಿ ನಿಲ್ಲಲಿ?" ಎಂದು ತಂಗಿಯನ್ನು ಕೇಳಿದ.

"ಇಲ್ಲೇ, ನನ್ನ ಪಕ್ಕ" ಎಂದಳು ಅತ್ತೆ. ಅವನ ಕಾಲು ನೋಡಿದಳು. "ಕಾಲ್ಚೀಲ ಎರಡೂ ಒಂದೇ ಥರ ಇದೆ. ಹಾಗೆಲ್ಲ ಆಗಲ್ಲ." ಡಬ್ಬದಿಂದ ಹಳದಿ ಪಟ್ಟಿಯ ಕಾಲ್ಚೀಲವೊಂದನ್ನು ತೆಗೆದು ಕೊಟ್ಟಳು. ಅಪ್ಪ ಜನರ ಎದುರು ಒಂಟಿ ಕಾಲಿನಲ್ಲಿ ನಿಂತು, ತಂಗಿಯ ಭುಜ ಹಿಡಿದುಕೊಂಡು ಅದನ್ನು ಹಾಕಿಕೊಂಡ. ಜನ ಶಿಳ್ಳೆ ಹೊಡೆದರು.

ಹಾಡು ಶುರುವಾಯಿತು. ಅಪ್ಪನಿಗೆ ಪ್ರತಿ ಸ್ವರವೂ ಬಾಯಿಪಾಠವಾಗಿತ್ತು. ಆದರೆ ಅವನು ಸಂದಿನಲ್ಲಿ ಊದುವವನಲ್ಲವಲ್ಲ! ಎದೆ ಸೆಟೆಸಿಕೊಂಡು ಎಲ್ಲವನ್ನೂ ಪೆಟ್ಟಿನ ಮೇಲೆಯೇ ಊದಿದ, ಮೊಳೆ ಹೊಡೆದ ಹಾಗೆ. ನಾವೆಲ್ಲ ಕುಣಿಯುತ್ತಿದ್ದರೆ ಅವನು ಕಂಬದಂತೆ ನಿಂತು ಮ್ಯಾನೇಜರನ ಹಲ್ಲಿನ ಸೆಟ್ಟಿನ ಹಾಡನ್ನು ರಾಷ್ಟ್ರಗೀತೆಯ ಗಾಂಭೀರ್ಯದಲ್ಲಿ ನುಡಿಸಿದ. ಅವನ ಪೆಪೆಂ ಧಪ್ ಎಂದು ಬಿದ್ದ ಮರುಕ್ಷಣವೇ ಅತ್ತೆಯ ಭೋಂ ಹಬೆಯ ಹಾಗೆ ಏಳುತ್ತಿತ್ತು. ಅದಕ್ಕಿಂತ ಚೆನ್ನಾಗಿ ಆ ಹಾಡು ಎಂದೂ ಬಂದಿರಲಿಲ್ಲ. ಇದೆಲ್ಲ ಬೇಕೆಂದೇ ಮಾಡಿದ ತಮಾಷೆ ಎಂದುಕೊಂಡು ಜನ ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ತುಟಿಗೆ ಮಂಜುಗಡ್ಡೆ ಹಿಡಿದುಕೊಂಡಿದ್ದ ಕತ್ತರಿಯಣ್ಣನೂ ಕುಣಿದ.

ಕೊನೆ ಬಂತು. ಎಲ್ಲರೂ ಟಕ್ ಎಂದು ನಿಂತೆವು. ಮಂಟಪದ ಸುತ್ತ ಮೌನ, ಹಿಂದೊಮ್ಮೆ ಇದ್ದಂಥದೇ ಮೌನ. ಅತ್ತೆ ಕನ್ನಡಕ ಒರೆಸಲಿಲ್ಲ, ಕಾಲ್ಚೀಲ ಎಳೆಯಲಿಲ್ಲ. ಟ್ರೊಂಬೋನನ್ನು ತುಟಿಯವರೆಗೂ ತಂದು ಮತ್ತೆ ಇಳಿಸಿಬಿಟ್ಟಳು. ಆಗ ಅಪ್ಪ ಕಾರ್ನೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಎರಡು ಹೆಜ್ಜೆ ಮುಂದೆ ಬಂದ. ಜನರಿಗೆ ಬೆನ್ನು ಮಾಡಿ ತಂಗಿಯ ಎದುರು ನಿಂತ. ಬ್ಯಾಂಡ್ ಮಾಸ್ಟರಿನ ಕೈ ಮೇಲೆತ್ತಿದ. ಒಬ್ಬರೂ ಕೆಮ್ಮಲಿಲ್ಲ. ಅವನು ಆ ಮೌನವನ್ನು ಹಾಗೇ ಹಿಡಿದು ನಿಲ್ಲಿಸಿ, ತಂಗಿಯ ಕಣ್ಣು ತನ್ನ ಕಡೆ ಏಳುವವರೆಗೂ ಕಾದು, ಅವಳಿಗೊಬ್ಬಳಿಗೇ ಕೈ ಇಳಿಸಿ ಸನ್ನೆ ಕೊಟ್ಟ.

ಅತ್ತೆ ಒಂದು ಕ್ಷಣ ಬಿಟ್ಟು ಊದಿದಳು. ಭೋಂ.

ಆಮೇಲಿನ ಗದ್ದಲದಲ್ಲಿ ಕಾಲ್ಚೀಲಗಳು ಮಳೆಯ ಹಾಗೆ ಬಿದ್ದವು. ಒಂದು ಅಪ್ಪನ ಹೆಗಲ ಮೇಲೆ ಬಂದು ಕೂತಿತು, ಅವನಿಗೆ ಅದರ ಖಬರೂ ಇರಲಿಲ್ಲ. ಮಂಟಪದ ಹಿಂದಿನ ಮೆಟ್ಟಿಲ ಮೇಲೆ ಅಣ್ಣ ತಂಗಿ ಪಕ್ಕಪಕ್ಕ ಕೂತರು. ಅತ್ತೆ ಆ ದಿನ ನನ್ನನ್ನು ಏನೂ ಕೇಳಲಿಲ್ಲ. ಅಪ್ಪ ಕಾರ್ನೆಟ್ಟಿನಲ್ಲಿ ಕೂಡಿದ್ದ ಉಸಿರಿನ ನೀರು ಜಾಡಿಸುತ್ತ, ಅತ್ತ ನೋಡುತ್ತ ಹೇಳಿದ.

"ಕೊನೇದು ಇನ್ನೂ ಸ್ವಲ್ಪ ತಡ ಮಾಡಬಹುದಿತ್ತು ನೀನು."

ಎಲ್ಲರೂ ನಕ್ಕ ಮೇಲೆ ನಗುವ ನಮ್ಮತ್ತೆ, ಅವನ ಮಾತು ಪೂರ್ತಿ ಮುಗಿಯುವ ಮೊದಲೇ ನಕ್ಕುಬಿಟ್ಟಳು. ನಗುತ್ತಲೇ ಟ್ರೊಂಬೋನ್ ಸುತ್ತಿದ ಹಾಸುಬಟ್ಟೆಯ ಅಂಚಿನಲ್ಲಿ ಕಣ್ಣೊರೆಸಿಕೊಂಡಳು. ಅಪ್ಪ ಬಗ್ಗಿ ಹಳದಿ ಪಟ್ಟಿಯ ಕಾಲ್ಚೀಲ ಬಿಚ್ಚಲು ಹೋದ.

"ಇರ್ಲಿ ಬಿಡಣ್ಣ," ಎಂದಳು ಅತ್ತೆ, "ಮುಂದಿನ ಭಾನುವಾರಾನೂ ಬೇಕಾಗತ್ತೆ."